ತುದೀಗಿದ್ದ ಹೆಸರು

ಶ್... ಸಣ್ಣಕ ಮಾತಾಡು ಚನ್ನವ್ವ! ಗ್ವಾಡಿ ಆಚೀಕಡೆ ನಮ್ಮ ರೇವವ್ವ ಕುಂತಿರತಾಳ. ದನಿ ಹೋಗೇತಿ ಖರೆ, ಕಿವಿ ಹೋಗಿಲ್ಲ ಅಕೀದು. ಮೊದಲ ಆಣಿ ಮಾಡು, ಯಾರ ಮುಂದೂ ಬಾಯಿ ಬಿಡೂದಿಲ್ಲಂತ. ಆ ಮೊರಾ ಕೆಳಗಿಟ್ಟು ಮಾಡು... ಹಾಂ.

ರೇವವ್ವನ ಪದಾ ಹಾಳ ಮಾಡಿದಾಕಿ ಆ ಪ್ರಜ್ಞಾ! ಕಾಲೇಜಿನ್ಯಾಗ ಕಂಪ್ಯೂಟರ್ ಮುಂದ ಕುಂದರತಾಳಲ್ಲ, ಕೂದಲಾ ಬಿಟಗೊಂಡು, ಅಕೀನ. ಏನು, ಕೇಳೇ ಇಲ್ಲೇನ ನೀ? ಓಣಿ ತುಂಬ ಇದೇ ಸುದ್ದಿ. ನಾನ ಎಲ್ಲಾರ ಮನೀಗೂ ಹೋಗಿ... ಅಂದ್ರ, ಹೋದಲ್ಲೆಲ್ಲಾ ಇದೇ ಕಿವಿಗೆ ಬೀಳತೈತಿ ಅಂತೇನಿ.

ಹೋದ ವರ್ಷ ಕಾಲೇಜಿನವರು ಬೀಸುಕಲ್ಲಿನ ಪದಾ ಡಬ್ಬ್ಯಾಗ ಹಿಡಕೊಂಡ ಹೋಗಾಕ ಬಂದಿದ್ರಲ್ಲ? ನಾನೂ ಹಾಡಿದೆ, ರೇವವ್ವನೂ ಹಾಡಿದ್ಲು. ಇಬ್ರೂ ಒಂದೇ ಪದ. ಆಲಮಟ್ಟಿ ನೀರಾಗ ನಮ್ಮ ತವರೂರು ಮುಳಗೂ ಮುಂದ ನಮ್ಮವ್ವಗೋಳು ಕಟ್ಟಿದ್ದು. ಒಂದೇ ಊರವರು ನಾವು, ಅಣ್ಣ-ತಮ್ಮರನ್ನ ಮದಿವ್ಯಾಗಿ ಒಂದೇ ಮನೀಗೆ ನೆಗೆಣ್ಯಾರಾಗಿ ಬಂದವರು. ನಾ ಹಿರೇಕಿ, ಅಕಿ ಕಿರೇಕಿ. ಒಂದೇ ಬೀಸುಕಲ್ಲಿನ ಗೂಟಾ ಹಿಡದ್ವಿ. ಆಮ್ಯಾಲ ಬ್ಯಾರಿ ಆದ್ವಿ, ನಡುವ ಈ ಗ್ವಾಡಿ ಬಂತು. ಛಲೋ ಆತು ಬಿಡು.

ಪದಕ್ಕ ಹೆಸರ ಬರಕೊಳ್ಳಾಕ ಪ್ರಜ್ಞಾ ಕೇಳಿದ್ಲು, ‘ಅಜ್ಜಿ, ನಿಮ್ಮ ಹೆಸರೇನ್ರಿ?’ ನಾ ಬೈದೆ. ಬಂದ ಕೂಡಲೆ ಹೆಂಗಸಿನ ಹೆಸರ ಕೇಳತಾರೇನ ಹುಡುಗಿ? ಮೊದಲ ದೇವರನ್ನ ಬರಿ, ಆಮ್ಯಾಲ ತವರೂರು, ಆಮ್ಯಾಲ ಕೊಟ್ಟ ಮನಿತನ, ಆಮ್ಯಾಲ ಗಂಡ. ಎಲ್ಲಾರೂ ಆದಮ್ಯಾಲ ತುದೀಗೆ ನಾವು. ಹಿರಿಯಾರು ಹೇಳಿಕೊಂಡ ಬಂದದ್ದು ಹಂಗ. ಬಾಯಿ ಮುಚಗೊಂಡು ಇಬ್ಬರದೂ ಹಂಗ ಬರಕೊಂಡ್ಲು.

ಅದೇ ಪದಗೋಳನ್ನ ದೊಡ್ಡ ಕಂಪ್ಯೂಟರಿಗೆ ಹಾಕೂ ಮುಂದ ಅದು ವಲ್ಲೆ ಅಂತು ನೋಡು! ಅಷ್ಟುದ್ದದ ಹೆಸರು ಅದಕ ಹಿಡಿಸೂದಿಲ್ಲಂತ. ಇಷ್ಟೇ ಅಕ್ಷರ ಅಂತ ಅದಕ ಹದ್ದ ಹಾಕ್ಯಾರಂತ. ಇಕಿ ಏನ ಮಾಡಬೇಕು? ಎಲ್ಲಾ ಹೆಸರಿನ ಬಾಲಾ ಒಮ್ಮಿಗೇ ಕತ್ತರಿಸಿ ಒಗದ್ಲು. ಬಾಲದಾಗ ಯಾರಿದ್ರು? ನಾವ! ದೇವರು ಉಳದಾ, ಮನಿತನ ಉಳೀತು, ನೀರಾಗ ಮುಳಗಿದ ಊರು, ಅದೂ ಉಳೀತು. ಗಂಡಂದಿರು ಹೋದ್ರು, ನಾ ಸೀತವ್ವ ಹೋದೆ, ರೇವವ್ವ ಹೋದ್ಲು. ಎರಡೂ ಪದಕ್ಕ ಒಂದೇ ಹೆಸರಾತು. ಅಕಿ ಪದದ ಮ್ಯಾಲ ನನ್ನ ಪದಾ ಹೋಗಿ ಕುಂತು ಅಕೀದು ಅಳಿಸೇ ಹೋತು.

ಯಾಕ ನಗತಿ? ನಗೂವಂಥಾದ್ದೇನೈತಿ ಇದರಾಗ? ದನಿ ಹಿಡದ ಡಬ್ಬ್ಯಾಗ ಇರಬೇಕಲ್ಲ ಅಂತಿಯೇನು? ಅದನ್ನೂ ಖಾಲಿ ಮಾಡಿ ಇಂಡಿ, ಸಿಂದಗಿ ಕಡೆ ಒಯ್ದಾರ. ಅಲ್ಲಿ ಮುದಿಕ್ಯಾರೇನ ಕಡಿಮಿ ಇದ್ದಾರ?

ಚಳಿಗಾಲದಾಗ ದವಾಖಾನ್ಯಾಗ ರೇವವ್ವನ ಗಂಟಲಾ ಕೊಯ್ದ್ರು. ಈಗ ಬಾಯಿ ತೆರದ್ರ ಬರೇ ಗಾಳಿ. ಮೊಮ್ಮಗಳನ್ನ ಕರಿಯಾಕ ತಾಟು ಬಡೀತಾಳ. ಅಕಿ ದನಿ ಅಂತ ಉಳದದ್ದು ಅದೊಂದ ಪದದಾಗ. ಅದನ್ನ ತರಾಕಂತ ಅಕಿ ಮಗಳು ಸುನಂದಾ ಕಾಲೇಜಿಗೆ ಹೋದ್ರ ಅಲ್ಲಿ ನನ್ನ ದನಿ! ರಂಪಾ ಮಾಡಿ ಬಂದಾಳ. ಪ್ರಜ್ಞಾನ್ನ ಕೆಲಸದಿಂದ ತಗೀತಾರಂತ. ತಗೀಲೇಳು! ಕಿವ್ಯಾಗ ಯಾವಾಗಲೂ ಫೋನು, ಫೋನಿನ್ಯಾಗ ಆ ಅನಿಲ. ಬಾಗೇವಾಡಿ ಬಸ್ಸಿಗೆ ಬರತಾನಲ್ಲ, ಅಂಗಿ ಗುಂಡಿ ಹಚ್ಚಾಕೂ ಬ್ಯಾಸರ ಅಂವಗ. ಅವನ ಜೋಡಿ ಪಿಸುಪಿಸು ಮಾಡಕೋತ ಕೆಲಸಾ ಮಾಡಿದ್ರ ಮತ್ತೇನಾದೀತು? ಅವತ್ತ ನಾನ ಕಣ್ಣಾರೆ...

ಕಣ್ಣಾರೆ ಅಂದ್ರ, ಹೋಗಿದ್ದೆ. ನನ್ನ ಪದಾ ಹೆಂಗ ಬಂದೈತಿ ಕೇಳಾಕ. ಯಾಕ, ಹೋಗಬಾರದೇನ? ಕುರ್ಚಿ ಹಾಕಿದ್ರು, ಚಾ ಕೊಟ್ರು.

ಯಾಕ ಕೈ ನಿಂದರಿಸಿದಿ? ಬ್ಯಾಳಿ ಹಸನ ಮಾಡಕೋತ ಕೇಳು. ಹಂಗ್ಯಾಕ ನೋಡತಿ?

ಹೌದವ್ವಾ, ಅದು ಕೇಳಿತ್ತು. ಅಳಿಸೂಕಿಂತ ಮೊದಲ ಕಂಪ್ಯೂಟರ್ ಕೇಳತೈತಂತ, ಈ ಹೆಸರಿಂದು ಒಂದ ಐತಿ, ಅದನ್ನ ತಗದು ಇದನ್ನ ಇಡ್ಲ್ಯಾ ಅಂತ. ಪ್ರಜ್ಞಾ ನನ್ನ ಕಡೆ ತಿರಗಿ ‘ಅಜ್ಜಿ, ಎರಡೂ ಒಂದೇ ಏನ್ರಿ?’ ಅಂದು, ಮೊದಲಿಂದು ಸ್ವಲ್ಪ ಹಚ್ಚಿದ್ಲು. ರೇವವ್ವನ ದನಿ ಬಂತು. ಏನ ದನಿ ಅದು ಚನ್ನವ್ವ... ಹಾದು ಹೊಂಟಿದ್ದ ಮಾಸ್ತರು ಬಾಗಲದಾಗ ನಿಂತಬಿಟ್ರು! ‘ಯಾರವ್ವ ಈ ತಾಯಿ’ ಅಂದ್ರು. ಆಮ್ಯಾಲ ನಂದ ಹಚ್ಚಿದ್ಲು. ಮಾಸ್ತರು ನಡದ್ರು.

ನಾ ಏನಂದೆ? ನಾ ಏನನ್ಲಿ... ಏನೂ ಅನ್ನಲಿಲ್ಲ. ಹೂಂ ಅಂದಿರಬೇಕು. ಇನ್ನಷ್ಟ ಚಾ ಬೇಕೇನು ಅಂತ ಕೇಳಿದ್ರು, ಅದಕ ಅಂದೆನೋ ಏನೋ. ಮತ್ತ ಮೊರಾ ಯಾಕ ಕೆಳಗಿಟ್ಟಿ? ಬೈಯೂದಿದ್ರ ಬೈ! ಎರಡೂ ಒಂದೇ ಪದ ಐತಿ, ಕಡೀಂದು ಇಡವ್ವಾ ಅಂದೆ. ಏನ ತಪ್ಪು? ಪದಾ ಒಂದೇ ಹೌದಲ್ಲ? ಅಕಿ ಗಂಟಲಾ ಕೊಯ್ತಾರಂತ ಆವಾಗ ನನಗೇನ ಕನಸ ಬಿದ್ದಿತ್ತ?

...ನಿನಗ ಮೊದಲ ಗೊತ್ತಿತ್ತು. ಹೌದಲ್ಲ? ಗೊತ್ತಿದ್ದೂ ಆಣಿ ಮಾಡಿದಿ, ಗೊತ್ತಿದ್ದೂ ಇಷ್ಟೊತ್ತನಾ ನನ್ನ ಬಾಯಿ ಬಿಡಿಸಿದಿ. ಪ್ರಜ್ಞಾ ಸುನಂದಾನ ಮುಂದ ಎಲ್ಲಾ ಹೇಳ್ಯಾಳ, ರೇವವ್ವ ನಿನ್ನ ಮನೀಗೂ ಬಂದಿದ್ಲು. ಎಂಥಾ ಹೆಂಗಸ ನೀ!

ನನ್ನ ಮನೀಗೂ ಬಂದಿದ್ಲ, ನಿನ್ನಿ. ಜಗಳಾ ತಗೀತಾಳಂತ ನಾನೂ ಸೆರಗಾ ಕಟಿಗೊಂಡ ನಿಂತಿದ್ದೆ. ಅಕಿ ಜಗಳಾ ತಗೀಲಿಲ್ಲ, ಪ್ರಜ್ಞಾನ ಹೆಸರೂ ಎತ್ತಲಿಲ್ಲ. ಹತ್ತರ ಬಂದು, ಮಾರಿಗೆ ಮಾರಿ ಹಚ್ಚಿ, ಆ ಗಾಳಿ ದನೀಲೆ ಅಂದ್ಲು...

‘ಯಕ್ಕಾ, ಆ ಪದಾ ನಾ ಹೆಂಗ ಹಾಡತಿದ್ದೆ ನಿನಗ ಗೊತ್ತೈತಿ. ನಾಳೆ ಕಾಲೇಜಿಗೆ ಹೋಗೂಣು ನಡಿ. ನನ್ನಂಗ ಹಾಡು. ಹಾಡೂಕಿಂತ ಮೊದಲ, ದೇವರಿಗಿಂತ ಮೊದಲ, ಎಲ್ಲಾರಿಗೂ ಕೇಳೂವಂಗ ಹೇಳು: ಇದು ರೇವವ್ವನ ಪದ.’