ಸುಬೇದಾರ ಗುರುಪಾದಪ್ಪನ ಅಂಗೈ

ಕರೆಂಟ್ ಬರೂದು ಇನ್ನ ತಡಾ ಐತಿ, ಹತ್ರ ಸರದು ಕುಂದರ್ರಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ಕಾಕಾನ ಮಗ ಪ್ರಸಾದಗ ಆಗಿದ್ದು. ನಗೂದಿದ್ರ ಮುಗದ ಮ್ಯಾಲ ನಗ್ರಿ.

ಪ್ರಸಾದ ಬೆಳಗಾವಿ ಉದ್ಯಮಬಾಗದಾಗ ಫೌಂಡ್ರಿ ಕೆಲಸಾ ಮಾಡ್ತಾನ. ಅವತ್ತ ಸೆಕೆಂಡ್ ಶಿಫ್ಟ್ ಮುಗಿಸಿ ಖಾನಾಪುರಕ್ಕ ಬಂದು, ಸಿಕ್ಕ ಗಾಡಿ ಹತ್ತಿ ನಮ್ಮೂರು ಬೀಡ್ಯಾಗ ಇಳದ. ಅಲ್ಲಿಂದ ಹೊಲದ ಮನಿಗೆ ನಡೀಬೇಕು. ದಾರ್ಯಾಗ ಒಂದ ಹಳೇ ಬಾಂವಿ. ಹಗಲಿ ದನಾ ನೀರ ಕುಡಿಯೂ ಜಾಗಾ, ಅಂಜೂದೇನೈತಿ? ಆದ್ರೂ ಅಂವ ಮೊಬೈಲಿನ ಬೆಳಕ ಹಚ್ಚಕೊಂಡ ಹೊಂಟಿದ್ದ.

ಆಗ ಕೇಳಿಸ್ತು. ಟಕ್... ಸರ್ರ್. ಟಕ್... ಸರ್ರ್.

ಬೂಟಿನ ಸಪ್ಪಳಾ. ಒಂದ ಕಾಲ ಊರಿ, ಒಂದ ಕಾಲ ಎಳದಂಗ. ಊರಾಗ ಹಂಗ ನಡ್ಯಾಂವ ಒಬ್ಬನ. ಸುಬೇದಾರ ಗುರುಪಾದಪ್ಪ... ಅಂವನ್ನ ಮಣ್ಣ ಮಾಡಿ ತಿಂಗಳಾಗಿತ್ತು.

ಗುರುಪಾದಪ್ಪ ಅಂದ್ರ ಯಾರಂತ ಹೇಳ್ತೀನಿ. ಮೀಸಿ ಚಿಗರೂದರಾಗ ಬೆಳಗಾವಿಗೆ ಹೋಗಿ ಮಿಲಿಟರಿ ಸೇರಿದಾಂವ. ನಾಗಾಲ್ಯಾಂಡ್, ಬರ್ಫಿನ ಲೇಹ, ಅಂದಮಾನ್, ಶ್ರೀಲಂಕಾ... ಒಮ್ಮೆ ವಿಶ್ವಸಂಸ್ಥೆಯ ನೀಲಿ ಟೊಪಗಿ ಹಾಕ್ಕೊಂಡು ಸೊಮಾಲಿಯಾಕ್ಕೂ ಹೋಗಿದ್ದ. ಅಲ್ಲಿ ಹುಡುಗರಿಗೆ ಕನ್ನಡದಾಗ ಬೈಯೂದು ಕಲಿಸಿ ಬಂದೀನಿ ಅಂತ ನಗಿಸ್ತಿದ್ದ. ಸೂಟಿ ಸಿಕ್ಕು ಊರಿಗೆ ಬಂದು ಕಟ್ಟಿ ಮ್ಯಾಲ ಕುಂತ್ರ ನಾವು ಹುಡುಗರು ಊಟಾ ಮರೀತಿದ್ವಿ. ಎಲ್ಲಿ ಹೋದ್ರೂ ಅಂವನ ಕೊರಳಾಗ ಎರಡ ಇರ್ತಿದ್ವು. ಒಂದು ಮಿಲಿಟರಿ ನಂಬರಿನ ಬಿಲ್ಲಿ. ಇನ್ನೊಂದು ಬೆಳ್ಳಿ ಕರಡಿಗಿ, ಅದರಾಗ ಸಣ್ಣಾಂವಿದ್ದಾಗ ಮಠದ ಅಯ್ಯಾರು ಕಟ್ಟಿದ ಲಿಂಗ. ಬಂಕರಿನಾಗಿದ್ರೂ ಎಡಗೈಯಾಗ ಲಿಂಗ ಇಟ್ಟು ಪೂಜಿ ಮಾಡದ ಚಹಾ ಕುಡೀತಿರ್ಲಿಲ್ಲ. "ಬಿಲ್ಲಿ, ಹೆಣಾ ಯಾರದಂತ ಮಂದಿಗೆ ಹೇಳ್ತೈತಿ. ಲಿಂಗ, ನಾ ಯಾರಂತ ನನಗ ಹೇಳ್ತೈತಿ" ಅಂತಿದ್ದ.

ನಮ್ಮಾಗ ಸತ್ತವರನ್ನ ಕುಂದರಿಸಿ ಮಣ್ಣ ಮಾಡ್ತಾರ. ಅವರವರ ಲಿಂಗ ಅವರವರ ಎಡಗೈಯಾಗ ಇಟ್ಟ ಕಳಸಬೇಕು. ಗುರುಪಾದಪ್ಪನ ಕೈಯಾಗೂ ಇಟ್ಟಿದ್ರು. ನಾವೆಲ್ಲಾ ನೋಡೇವಿ.

ಪ್ರಸಾದ ಬೆಳಕ ಎತ್ತಿದ. ಬಾಂವಿ ಕಟ್ಟಿ ಮ್ಯಾಲ ಕುಂತಿದ್ದ... ಉಲ್ಲನ್ ಕೋಟು, ಮೈತುಂಬ ವಿಭೂತಿ, ಎಡಗೈ ತೆರದು ತೊಡಿ ಮ್ಯಾಲ.

"ತಮ್ಮಾ... ಬೀಡಿ ಯಾವ ಕಡೆ?"

ಪ್ರಸಾದ ಒಂದ ಹೆಜ್ಜಿ ಹಿಂದ ಸರದ. "ಸುಬೇದಾರ ಕಾಕಾ... ಇದ ಬೀಡಿ."

"ಅಲ್ಲ. ಎಲ್ಲೆಲ್ಲಿಂದೋ ದಾರಿ ಹಿಡದು ತಿರಗಿ ಬಂದೇನಿ. ಈಗ ನನ್ನ ಮನಿ ಸಿಗವಲ್ದು." ಅಂಗೈ ಮುಂದ ಚಾಚಿದ. ಅದರಾಗ ಲಿಂಗ ಇತ್ತು, ಹೊಸಾದು, ಮಿಂಚಾಕತ್ತಿತ್ತು. "ಇದು ನಂದಲ್ಲೋ. ಇದು ನನ್ನ ಗುರ್ತ ಹಿಡಿವಲ್ದು... ನಂದು ನನಗ ಕೊಡಸೋ. ಕಾಲ ಬೀಳ್ತೀನಿ..."

ಎಂದೂ ಯಾರಿಗೂ ತಲಿ ಬಗ್ಗಿಸದ ಮನಷ್ಯಾ, ತನ್ನ ಮಗನ ವಯಸ್ಸಿನಾಂವನ ಕಾಲ ಬೀಳ್ತೀನಿ ಅಂತಾನ. ಪ್ರಸಾದ ಚಪ್ಪಲ ಅಲ್ಲೇ ಬಿಟ್ಟು ಓಡಿದ.

ಬೆಳಕ ಹರಿಯೂದರಾಗ ಅಕ್ಕವ್ವನ ಮನ್ಯಾಗ ಇದ್ದ. ಅಕ್ಕವ್ವ ಅಂದ್ರ ಗುರುಪಾದಪ್ಪನ ಒಬ್ಬಾಕಿನ ಮಗಳು.

"ಅಕ್ಕಾ, ಸಿಟ್ಟಾಗಬ್ಯಾಡ. ಕಾಕಾನ ಕೈಯಾಗ ಯಾವ ಲಿಂಗ ಇಟ್ಟಿ?"

"ಕುಡದ ಬಂದೀಯೇನು?" ಅಂತ ಬೈದ್ಲು. ಆಮ್ಯಾಲ ಸೆರಗ ಬಾಯಾಗ ತುರಕ್ಕೊಂಡ ಅತ್ತಳು. ಕೊರಳಾಗ ತನ್ನ ಲಿಂಗದ ಬಾಜು ಅಪ್ಪನ ಬೆಳ್ಳಿ ಕರಡಿಗಿನೂ ಇತ್ತು. ಬೆಳಗಾವಿ ದವಾಖಾನ್ಯಾಗ ಸ್ಕ್ಯಾನಿಂಗ್ ಮಾಡೂ ಮುಂದ ಬಿಚ್ಚಿ ಅಕಿ ಕೈಯಾಗ ಕೊಟ್ಟಿದ್ರಂತ. ಅಂವ ತೀರಿಕೊಂಡ ಮ್ಯಾಲ ಅದನ್ನ ಮುಚ್ಚಿಟ್ಟು, ಪ್ಯಾಟಿಯಿಂದ ಹೊಸಾದ ತಂದು ಇಟ್ಟಿದ್ಲು.

"ನಮ್ಮವ್ವ ಸತ್ತಾಗ ಬರಲಿಲ್ಲ. ನನ್ನ ಮದವಿಗೆ ಬರಲಿಲ್ಲ. ನನಗ ಅಪ್ಪ ಅಂದ್ರ ಗ್ವಾಡಿಗೆ ಹಾಕಿದ ಫೋಟೋ. ಇದೊಂದ ಎಲ್ಲಾ ಕಡೆ ಅಂವನ ಕೂಡ ಇತ್ತು. ಇದನ್ನೂ ಮಣ್ಣಾಗ ಹಾಕಲೇನೋ?"

"ಕಾಕಾ ತಿರಗಾಕತ್ತಾನ, ಅಕ್ಕಾ."

"ಗೊತ್ತೈತಿ." ದನಿ ಸಣ್ಣ ಆತು. "ದಿನಾ ರಾತ್ರಿ ನಮ್ಮ ಬಾಗಲ ಮುಂದಿಂದನ ಹೋಗ್ತಾನ... ನಿಲ್ಲೂದಿಲ್ಲ. ಬಾಜು ಮನಿ ಬಾಗಲ ಬಡೀತಾನ. ಅವರು ಗಾಳಿ ಅಂತಾರ. ನಾ ಒಳಗಿಂದ ಅಪ್ಪಾ, ಅಪ್ಪಾ ಅಂತ ಒದರ್ತೀನಿ... ಅಂವಗ ಕೇಳಸೂದಿಲ್ಲ."

ಇದಕ್ಕಿಂತ ನರಕ ಬ್ಯಾರೆ ಇರ್ತೈತೇನ್ರಿ? ಕೊಟ್ರ ಅಪ್ಪ ಪೂರಾ ಹೋಗ್ತಾನ. ಕೊಡದಿದ್ರ ತನ್ನ ಊರಾಗ ತಾನ ಭಿಕ್ಷುಕನಂಗ ಬಾಗಲ ಬಾಗಲ ಅಲೀತಾನ.

ಅವತ್ತ ರಾತ್ರಿ ಇಬ್ರೂ ಬಾಂವಿಗೆ ಹೋದ್ರು. ಎಲಿ ಅಳ್ಳಾಡೂವಷ್ಟೂ ಗಾಳಿ ಇರಲಿಲ್ಲ. ಬಾಂವಿ ಗಡಗಡಿ ತಾನ ತಿರಗಿ ಕಿರ್ರ್... ಅಂತು. ಆಮ್ಯಾಲ... ಟಕ್. ಸರ್ರ್.

"ಅಪ್ಪಾ..." ಅಕ್ಕವ್ವ ಕೈ ಜೋಡಿಸಿದ್ಲು. "ಒಮ್ಮೆ ಮನಿಗೆ ಬಾರೋ. ಒಂದ ರಾತ್ರಿ ಇರು. ರೊಟ್ಟಿ ಬಡದ ಹಾಕ್ತೀನಿ. ಮುಂಜಾನೆ ಕೊಟ್ಟ ಕಳಸ್ತೀನಿ."

ಅಂವ ಕಟ್ಟಿ ಮ್ಯಾಲ ಕುಂತು ಅಕಿ ಮಾರಿ ನೋಡಿದ. "ಯಾರವಾ ನೀ?"

"ಅಕ್ಕು... ನಿನ್ನ ಅಕ್ಕು, ಅಪ್ಪಾ."

"ನನಗ ಗುರ್ತ ಸಿಗವಲ್ದವಾ..."

ಎಷ್ಟ ಬೇಡಿಕೊಂಡ್ರೂ ಅದ ಮಾತು. ಕಡೀಕ ಅಕಿ ಕರಡಿಗಿ ಬಿಚ್ಚಿದ್ಲು. ಅಪ್ಪನ ಅಂಗೈಯಾಗ ಲಿಂಗ ಇಟ್ಟಳು. ಅಂವ ಅಕಿ ಕೈ ಸಮೇತ ಮುಷ್ಟಿ ಮುಚ್ಚಿದ. ಬಾಳ ಹೊತ್ತ ಬಿಡಲಿಲ್ಲ. ಅಕಿನೂ ಎಳಕೊಳ್ಳಲಿಲ್ಲ, ಹಲ್ಲ ಕಚ್ಚಿ ಹಂಗ ನಿಂತಿದ್ಲು ಅಂತ ಪ್ರಸಾದ ಹೇಳ್ತಾನ.

"ಅಕ್ಕೂ..." ಅಂದ. "ಎಷ್ಟ ದೊಡ್ಡಾಕಿ ಆಗೀಯವಾ."

ಅಷ್ಟ. ಕಟ್ಟಿ ಖಾಲಿ ಇತ್ತು.

ಮುಂಜಾನೆ ನೋಡಿದ್ರ ಅಕಿ ಬಲಗೈ ಬೆರಳು ಸೆಟದು ಕಪ್ಪಾಗಿದ್ವು. ನಾನ ನನ್ನ ಗಾಡಿ ಮ್ಯಾಲ ಬೆಳಗಾವಿಗೆ ಕರಕೊಂಡ ಹೋದ್ನಿ. ಇದು ನನ್ನ ಕಣ್ಣಾರೆ ಕಂಡಿದ್ದು, ನನ್ನ ಮಕ್ಕಳ ಆಣಿ. ಏಪ್ರಿಲ್ ತಿಂಗಳು, ಡಾಂಬರ ಕರಗೂ ಬಿಸಲು. ಡಾಕ್ಟರು ಮೊದಲ ಮಿಲಿಟರಿ ದವಾಖಾನ್ಯಾಗ ಇದ್ದವರು. ಬೆರಳ ಹೊರಳಿಸಿ ಹೊರಳಿಸಿ ನೋಡಿದ್ರು.

"ಇದು ಬರ್ಫಿನಾಗ ಸೆಟದ ಕೈ. ಯಾವ ಹಿಮದ ಪಹಾಡಕ್ಕ ಹೋಗಿದ್ರಿ ಅಕ್ಕಾರ?"

ಅಕ್ಕವ್ವ ಬೆಳಗಾವಿ ದಾಟಿ ಎಂದೂ ಹೋದಾಕಿ ಅಲ್ಲ. ಎರಡ ಬೆರಳ ತಗದ್ರು. ನಂಬದಾವ್ರು ಬೀಡಿಗೆ ಹೋಗಿ ನೋಡ್ಕೊಂಡ ಬರ್ರಿ.