ಸಿರುಗುಪ್ಪಕ್ಕೆ ಹೊರಟ ಪುಸ್ತಕಗಳು

"ಹಲೋ... ಹಲೋ, ಯಾರ್ರಿ ಮಾತಾಡೋದು? ಬ್ರೂಸ್‌ಪೇಟೆ ವಾಚನಾಲಯ ಸಂಘದ ಆಫೀಸೇನ್ರಿ?... ಹಾಂ, ನಾನು ಕುರುಗೋಡಿಂದ ದಾಕ್ಷಾಯಣಮ್ಮ, ಸಾಲಿ ಟೀಚರು. ಕಾರ್ಯದರ್ಶಿಗಳು ಗವಿಸಿದ್ದಪ್ಪನವರು ಅದಾರೇನ್ರಿ?... ಒಳಗ ಅದಾರ? ಸ್ವಲ್ಪ ಕರೀರಿ. ಟ್ರಂಕ್ ಕಾಲ್ ಐತ್ರಿ, ಲಗೂನ ಕರೀರಿ..."

ಬೆಳಗ್ಗೆಯೇ ಬಳ್ಳಾರಿಗೆ ಕಾಲ್ ಬುಕ್ ಮಾಡಿ, ದಾಕ್ಷಾಯಣಮ್ಮ ಕುರುಗೋಡಿನ ಅಂಚೆ ಕಚೇರಿಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕಾದಿದ್ದಳು. ಎಪ್ಪತ್ತೆರಡನೇ ಇಸವಿಯ ಮೇ ತಿಂಗಳು. ಊರ ಸುತ್ತಿನ ಬಂಡೆಗುಡ್ಡಗಳು ಕಾದ ಹೆಂಚಿನಂತಾಗಿ, ಅವುಗಳ ಝಳ ಕಿಟಕಿಯ ಸರಳುಗಳ ನಡುವಿನಿಂದ ಒಳಕ್ಕೆ ನುಗ್ಗುತ್ತಿತ್ತು. ಪೋಸ್ಟ್ ಮಾಸ್ಟರ್ ಹಾಲಸಿದ್ದಪ್ಪ ರಿಸೀವರನ್ನು ಅವಳ ಕೈಗೆ ಕೊಟ್ಟು ದೂರ ಸರಿಯಲಿಲ್ಲ. ಅಲ್ಲೇ ಕೂತು ಕಾಗದಗಳಿಗೆ ಮೆಲ್ಲಗೆ ಮುದ್ರೆ ಒತ್ತತೊಡಗಿದ. ಮನಿಯಾರ್ಡರಿಗೆ ಬಂದಿದ್ದ ಹೆಂಗಸರಿಬ್ಬರು ಗೋಡೆಗೆ ಒರಗಿ ಕೂತಿದ್ದರು. ಊರಿನಲ್ಲಿ ಫೋನಿನ ಮಾತೆಂದರೆ ಎಲ್ಲರೂ ಕೇಳುವ ಮಾತೇ.

"ನಮಸ್ಕಾರ್ರಿ ಸರ... ಹೂನ್ರಿ, ಆರಾಮ ಅದೀನಿ... ಇಲ್ಲೂ ಹಂಗ ಐತ್ರಿ ಬಿಸಿಲು... ಸರ, ಹೊಸ ಪುಸ್ತಕದ ಪೆಟ್ಟಿಗಿ ನೀವು ವಾಪಸ್ ತರಿಸ್ಕೊಂಡೀರಂತ, ಹೌದೇನ್ರಿ?..."

"ಅಲ್ರಿ, ನನಗ ಒಂದು ಮಾತು ಹೇಳಬೇಕಿತ್ತಿಲ್ರಿ? ನಿನ್ನೆ ನಾ ಹೋಗಿ ಕಿಟಕ್ಯಾಗ ಇಣುಕೋದ್ರಾಗ ರೂಮು ಖಾಲಿ ಇತ್ತು. ಬಾಗಿಲಿಗಿ ಬ್ಯಾರೇ ಕೀಲಿ... ಓದೋ ಹುಡುಗ್ರು ಇಲ್ಲ ಅಂತ ಯಾರು ಹೇಳಿದ್ರು?... ಕೊಟ್ರಬಸಪ್ಪನವರ?... ಅವರ ಫೋನ್ ಮಾಡಿದ್ರ?..."

ಅವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ಆದರೂ ಗವಿಸಿದ್ದಪ್ಪನ ಬಾಯಿಂದಲೇ ಕೇಳಬೇಕಿತ್ತು.

ಕೊಟ್ರಬಸಪ್ಪ ಊರಿನ ಕಾಳಿನ ವ್ಯಾಪಾರಿ. ವಾಚನಾಲಯ ನಡೆಯುತ್ತಿದ್ದುದು ಅವನ ಗೋದಾಮಿನ ಮುಂದಿನ ಕೋಣೆಯಲ್ಲಿ. ಬಾಡಿಗೆ ತೆಗೆದುಕೊಳ್ಳದೆ ಕೊಟ್ಟಿದ್ದ, ಕಮಿಟಿಗೂ ಅವನೇ ಅಧ್ಯಕ್ಷ. ಹಿಂದಿನ ವರ್ಷ ಶಾಲೆಗೆ ರಜೆ ಬಿಟ್ಟಾಗ, ಬಿಸಿಲಲ್ಲಿ ಹುಣಸೆಮರಕ್ಕೆ ಕಲ್ಲೆಸೆಯುತ್ತ ಅಲೆಯುವ ಮಕ್ಕಳನ್ನು ಕರೆದು ತಂದು ದಾಕ್ಷಾಯಣಮ್ಮ ಅಲ್ಲಿ ಬೇಸಿಗೆ ಓದು ಶುರುಮಾಡಿದ್ದಳು. ಒಂದೇ ಜಮಖಾನದ ಮೇಲೆ ಎಲ್ಲರೂ ಸುತ್ತಲೂ ಕೂರಬೇಕು. ಒಂದು ಮಗು ಒಂದು ಪುಟ ಗಟ್ಟಿಯಾಗಿ ಓದಬೇಕು, ಪುಸ್ತಕ ಪಕ್ಕದ ಮಗುವಿನ ಕೈಗೆ ಹೋಗಬೇಕು. ಅಷ್ಟೇ ಅದರ ಕ್ರಮ. ಆದರೆ ಇದ್ದ ಹಳೆಯ ಪುಸ್ತಕಗಳು ಎಷ್ಟು ಬಾರಿ ಸುತ್ತು ಬಂದಿದ್ದವೆಂದರೆ, ಕೆಲವು ಮಕ್ಕಳು ಪುಟ ನೋಡದೆಯೇ ಓದುತ್ತಿದ್ದರು. ಅದಕ್ಕೇ ಈ ವರ್ಷ ಸಂಘ ಹೊಸ ಪುಸ್ತಕ ಮಂಜೂರು ಮಾಡಿದಾಗ ಅವಳು ತಾನೇ ಬಳ್ಳಾರಿಗೆ ಹೋಗಿ, ಬ್ರೂಸ್‌ಪೇಟೆಯ ಅಂಗಡಿಯ ಗಲಾಟೆಯಲ್ಲಿ ಇಡೀ ದಿನ ನೆಲದ ಮೇಲೆ ಕೂತು ಒಂದೊಂದನ್ನೂ ತಿರುವಿ ಆರಿಸಿದ್ದಳು. ಪೆಟ್ಟಿಗೆ ತೆರೆದ ದಿನ ಮಕ್ಕಳು ಮೊದಲು ಓದಲಿಲ್ಲ. ಪುಸ್ತಕಗಳನ್ನು ಮೂಗಿಗೆ ಹಿಡಿದು ಮೂಸಿ ನೋಡಿದರು.

"ಇದ್ರು ಸರ, ಹುಡುಗ್ರು ರೂಮು ತುಂಬ ಇದ್ರು. ಹೊಸ್ತಿಲ ಮ್ಯಾಲೂ ಕುಂದ್ರತಿದ್ರು... ಹೌದ್ರಿ, ಆಮ್ಯಾಲ ಕಡಿಮಿ ಆದ್ರು... ಆಮ್ಯಾಲ ಬರೋದ ಬಿಟ್ರು, ಇಲ್ಲ ಅನ್ನಂಗಿಲ್ಲ... ಯಾಕಂದ್ರ... ಕುಂದ್ರೋ ವಿಚಾರಕ್ಕ ಒಂದು ಮಾತು ಬಂತು... ಸರ, ಇಲ್ಲಿ ಮಂದಿ ಅದಾರ. ಬಿಡಿಸಿ ಹೇಳಾಕ ಆಗವಲ್ದು..."

ಬಿಡಿಸಿ ಹೇಳಬೇಕಾದ ಮಾತಿಗೆ ಒಂದು ಹೆಸರಿತ್ತು. ಮಾರೆಮ್ಮ. ಊರ ಹೊರಗಿನ ಕೇರಿಯ ಹುಲುಗಪ್ಪನ ಮಗಳು. ಆಗಷ್ಟೇ ಆರನೆಯ ತರಗತಿ ಮುಗಿಸಿದ್ದ ಹುಡುಗಿ. ಪೆಟ್ಟಿಗೆ ತೆರೆದ ದಿನ ಬಾಗಿಲ ಹೊರಗೆ ನಿಂತು, ಒಳಗೆ ಯಾರೋ ತಪ್ಪಾಗಿ ಓದಿದ್ದನ್ನು ಹೊರಗಿನಿಂದಲೇ ಮೆಲ್ಲಗೆ ತಿದ್ದಿದಳು. ದಾಕ್ಷಾಯಣಮ್ಮ ಅವಳನ್ನು ಒಳಗೆ ಕರೆದು ಮಕ್ಕಳ ನಡುವೆ ಕೂರಿಸಿದಳು. ಶಾಲೆಯಲ್ಲಿ ಕೂರುವುದಿಲ್ಲವೇ, ಇಲ್ಲೂ ಹಾಗೆಯೇ ಎಂದುಕೊಂಡಳು. ಆದರೆ ಶಾಲೆ ಸರ್ಕಾರದ್ದು, ಕೋಣೆ ಕೊಟ್ರಬಸಪ್ಪನದು.

ಮಾರೆಮ್ಮನ ಸರದಿ ಬಂದಾಗ ಉಳಿದವರು ತಾವಾಗಿಯೇ ಸುಮ್ಮನಾಗುತ್ತಿದ್ದರು. ಅವಳ ಓದಿನಲ್ಲಿ ಅಂಥದೇನೋ ಇತ್ತು. ಹಡಗಿನ ಮೇಲೆ ಹೊರಟವರ ಕಥೆ ಅವಳಿಗೆ ಬಲು ಇಷ್ಟವಾಗಿತ್ತು. ಒಮ್ಮೆ ಅರ್ಧಕ್ಕೆ ನಿಲ್ಲಿಸಿ, "ನಮ್ಮ ಹಗರಿ ಹೊಳಿಗಿದ್ದಂಗ ಸಮುದ್ರಕ್ಕೂ ಆಚಿ ದಂಡಿ ಇರ್ತೈತೇನ್ರಿ ಟೀಚರಮ್ಮ?" ಎಂದು ಕೇಳಿದ್ದಳು. ಇರುತ್ತದೆ ಎಂದಾಗ, ಹಾಗಾದರೆ ಭಯವಿಲ್ಲ ಎಂಬಂತೆ ತಲೆಯಾಡಿಸಿ ಮುಂದೆ ಓದಿದಳು.

ವಾರ ಕಳೆಯುವುದರೊಳಗೆ ಸುದ್ದಿ ಮನೆಮನೆಗೆ ಮುಟ್ಟಿತು. ಒಬ್ಬಳಿಗೆ ಜ್ವರ, ಇನ್ನೊಬ್ಬ ಅಜ್ಜಿಯ ಊರಿಗೆ ಹೋದ, ಮತ್ತೊಬ್ಬಳಿಗೆ ಮನೆಯಲ್ಲಿ ಕೆಲಸ. ಜಮಖಾನದ ಮೇಲೆ ಜಾಗ ಹೆಚ್ಚುತ್ತ ಹೋಯಿತು. ಕೊಟ್ರಬಸಪ್ಪ ಮನೆಗೇ ಬಂದು, ಕೊಟ್ಟ ಚಹಾ ಕುಡಿದು, ತನಗೇನೂ ಅಭ್ಯಂತರವಿಲ್ಲ, ಊರವರ ಬಾಯಿ ಕಟ್ಟಲಿಕ್ಕಾಗುವುದಿಲ್ಲ ಎಂದ. ಆ ಹುಡುಗಿಗೆ ಬೇಕಾದ ಪುಸ್ತಕ ಕೊಡಿ, ಹೊರಗೆ ಕಟ್ಟೆಯ ಮೇಲೆ ಓದಿಕೊಳ್ಳಲಿ, ನೆರಳೂ ಇದೆ ಎಂದ. ದಾಕ್ಷಾಯಣಮ್ಮ ಆಗುವುದಿಲ್ಲ ಎಂದಳು. ಅವನು ಜಗಳವಾಡಲಿಲ್ಲ. ಎದ್ದು ಕೈಮುಗಿದು ಹೋದ.

"ಏನಂದ್ರಿ?... ಕಟ್ಟಿ ಮ್ಯಾಲ?... ಓಹೋ, ಅದನ್ನೂ ನಿಮ್ಗ ಹೇಳ್ಯಾರ... ಹೊಂದಿಸ್ಕೊಂಡು ಹೋಗಬೇಕ?... ನೀವೂ ಅದ ಹೇಳ್ತೀರೇನ್ರಿ ಸರ?..."

"ಹೋದ ವರ್ಷ ಉದ್ಘಾಟನಾಕ ಬಂದಾಗ ಪುಸ್ತಕಕ್ಕ ಜಾತಿ ಇಲ್ಲ ಅಂತ ಭಾಷಣ ಮಾಡಿದ್ರಿ. ನೆನಪೈತೇನ್ರಿ?... ಭಾಷಣ ಬ್ಯಾರೆ?... ಹಾಂ... ಹಾಂ... ಬ್ಯಾರೆ ಅಂತ ನನಗ ತಿಳೀಲಿಲ್ರಿ. ನಾನು ಅದನ್ನ ನಂಬಿ ಕುಂತಿದ್ದೆ..."

ಅತ್ತಲಿಂದ ಗವಿಸಿದ್ದಪ್ಪ ಮತ್ತೆ ಏನೋ ಹೇಳುತ್ತಿದ್ದ. ಓದುವವರ ಸಂಖ್ಯೆ, ಸಂಘದ ನಿಯಮ, ವರದಿ. ಹೆಸರೆತ್ತಲು ಅಂಜಿ, ಕೂತವರಿಗೆ ಅಂಜಿ ತಾನು ಮಾತು ತೇಲಿಸುತ್ತ ಹೋದರೆ, ಓದುವ ಮಕ್ಕಳಿಲ್ಲ ಎನ್ನುವ ಸುಳ್ಳೇ ವರದಿಯಾಗಿ ಉಳಿಯುತ್ತದೆ ಎಂದು ದಾಕ್ಷಾಯಣಮ್ಮನಿಗೆ ಅನಿಸಿತು. ಅವಳು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಸರ, ಸ್ವಚ್ಛ ಹೇಳ್ತೀನಿ, ಕೇಳ್ರಿ. ಕೇರಿ ಹುಡುಗಿ ಹುಡುಗ್ರ ನಡುವ ಕುಂತ್ಲು ಅಂತ ಕೊಟ್ರಬಸಪ್ಪನವರು ವಾಚನಾಲಯಕ್ಕ ಕೀಲಿ ಹಾಕ್ಯಾರ. ಹುಡುಗ್ರು ಇಲ್ಲ ಅಂತ ಅಲ್ಲ."

ಮುದ್ರೆಯ ಸದ್ದು ನಿಂತಿತು. ಗೋಡೆಗೆ ಒರಗಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಡೀ ಊರಿಗೆ ಗೊತ್ತಿದ್ದ ಆ ಮಾತನ್ನು ಊರಿನಲ್ಲಿ ಯಾರೂ ಅಷ್ಟು ಗಟ್ಟಿಯಾಗಿ ಆಡಿರಲಿಲ್ಲ. ಸಂಜೆಯೊಳಗೆ ಇದು ಕೊಟ್ರಬಸಪ್ಪನ ಅಂಗಡಿಗೂ, ತನ್ನ ಮನೆಗೂ ಮುಟ್ಟುತ್ತದೆ ಎಂದು ದಾಕ್ಷಾಯಣಮ್ಮನಿಗೆ ತಿಳಿದಿತ್ತು.

"ಹಲೋ... ಕೇಳಿಸ್ತೈತೇನ್ರಿ?... ಸುಮ್ನಾದ್ರಿ, ಅದಕ್ಕ ಕೇಳಿದೆ... ಸಿಟ್ಟಿಲ್ರಿ, ನನಗ ನಿಮ್ಮ ಮ್ಯಾಲ ಸಿಟ್ಟಿಲ್ಲ. ಒಂದು ಉಪಕಾರ ಮಾಡ್ರಿ. ವಾಚನಾಲಯ ಎಲ್ಲಾ ಮಕ್ಕಳಿಗೂ ಐತಿ, ಬಾಗಿಲು ತೆಗೀರಿ ಅಂತ ಸಂಘದಿಂದ ಒಂದು ಆರ್ಡರ್ ಕಳಿಸ್ರಿ. ಎರಡು ಸಾಲು ಸಾಕು... ಕೊಟ್ರಬಸಪ್ಪನವರ ಸಲುವಾಗಿ ಅಲ್ರಿ. ಹುಲುಗಪ್ಪಗ ತೋರಿಸಾಕ ಬೇಕಾಗೈತಿ..."

ಹುಲುಗಪ್ಪ ಹಿಂದಿನ ದಿನ ಅವಳ ಮನೆಗೆ ಬಂದಿದ್ದ. ಅಂಗಳ ದಾಟಿ ಮೇಲೆ ಬಾ ಎಂದರೂ ಬರಲಿಲ್ಲ. ಹೆಗಲ ಮೇಲಿನ ವಸ್ತ್ರ ಕೈಗೆ ತೆಗೆದುಕೊಂಡು ನೆಲ ನೋಡುತ್ತ ನಿಂತ. ಅವನು ದುಡಿಯುತ್ತಿದ್ದುದು ಕೊಟ್ರಬಸಪ್ಪನ ಹೊಲದಲ್ಲಿ. ಯಾರೂ ಅವನಿಗೆ ಬೆದರಿಕೆ ಹಾಕಿರಲಿಲ್ಲ, ಬಯ್ದೂ ಇರಲಿಲ್ಲ. ಎರಡು ದಿನದಿಂದ ಕೆಲಸಕ್ಕೆ ಕರೆದಿರಲಿಲ್ಲ, ಅಷ್ಟೇ.

"ಹುಡುಗಿನ್ನ ಸಿರಿಗೇರಿಗಿ ಕಳಿಸಿಬಿಟ್ಟೀನ್ರಿ ಅಮ್ಮಾರೆ, ಅವರ ಸ್ವಾದರಮಾವನ ಮನಿಗಿ," ಎಂದಿದ್ದ. "ನೀವು ನಮ್ಮ ಸಲುವಾಗಿ ಊರಿಗಿ ಕೆಟ್ಟಾಗಬ್ಯಾಡ್ರಿ."

ಯಾವಾಗ ಬರುತ್ತಾಳೆ ಎಂದು ಕೇಳಿದ್ದಕ್ಕೆ ಅವನು ಅಲ್ಲಿಯ ಕೆಲಸದ ಮಾತು ತೆಗೆದ. ಅಲ್ಲಿ ಈಗ ಭತ್ತದ ಕಣ ನಡೆದಿದೆ, ಆಮೇಲೆ ಕಾಲುವೆಗೆ ನೀರು ಬಿಟ್ಟರೆ ನಾಟಿಗೆ ಆಳು ಬೇಕು ಎಂದ. ಕೊನೆಗೆ, ಮಾವನಿಗೆ ಇನ್ನೂ ಲಗ್ನವಾಗಿಲ್ಲ ಎಂದು ಹೇಳಿ ವಸ್ತ್ರ ಹೆಗಲಿಗೆ ಹಾಕಿಕೊಂಡ. ಹೇಳಬೇಕಾದದ್ದೆಲ್ಲ ಅದರಲ್ಲೇ ಇತ್ತು.

"ಹಾಂ ಸರ, ಅದನ್ನ ಹೇಳಾಕ ಹತ್ತೀನಿ. ಸಾಲಿ ಸುರು ಆಗೋದ್ರಾಗ ಹುಡುಗಿ ತಿರುಗಿ ಬರಲಿಲ್ಲಂದ್ರ ಆಕಿ ಇನ್ನ ಬರಂಗಿಲ್ಲ. ಏಳನೇತ್ತಿ ಕುಂದ್ರಂಗಿಲ್ಲ. ಸಂಘ ನಿನ್ನ ಮಗಳ ಕಡಿ ಐತಿ ಅಂತ ಅವರಪ್ಪಗ ನಾ ಹೇಳಬೇಕು. ಬರೇ ನನ್ನ ಮಾತು ನಂಬಿ ಅವನು ಏನ್ ಮಾಡ್ಯಾನ್ರಿ, ನಾಳಿ ಕೂಲಿ ಕೊಡೋರು ಬ್ಯಾರೆ ಅದಾರ..."

"ರೂಮು ಅವರದು, ಗೊತ್ತೈತ್ರಿ... ಬಿಡಿಸ್ಕೊಂಡ್ರ ಬಿಡಿಸ್ಕೊಳ್ಳಿ. ನಮ್ಮ ಮನಿ ಪಡಸಾಲ್ಯಾಗ ನಡಸ್ತೀನಿ. ಪೆಟ್ಟಿಗಿ ನಮ್ಮ ಮನಿಗಿ ಕಳಿಸ್ರಿ... ಮನಿಯವರಾ?... ಅವರು... ಅವರು ಒಪ್ತಾರ್ರಿ. ಕೇಳೀನಿ..."

ಕೇಳಿದ್ದು ನಿಜ. ಒಪ್ಪಿದ್ದು ಸುಳ್ಳು. ಊಟ ಮಾಡಿ ಕೈ ತೊಳೆಯುವಾಗ ಗಂಡ ತಿಪ್ಪೇರುದ್ರಪ್ಪನ ಮುಂದೆ ಈ ಮಾತು ತೆಗೆದಿದ್ದಳು. ಅವನು ಸಿಡುಕಲಿಲ್ಲ. ಟವೆಲಿನಿಂದ ನಿಧಾನವಾಗಿ ಕೈ ಒರೆಸಿಕೊಂಡು, ತಂಗಿಗೆ ಮೋಕ ಊರಿನ ಕಡೆಯ ಗಂಡು ನೋಡಿದ್ದೇವೆ, ಈ ವರ್ಷ ಬೇಡ, ಮುಂದೆ ನೋಡೋಣ ಎಂದಿದ್ದ. ಅವನು ಕೆಟ್ಟವನಲ್ಲ. ಕೊಟ್ರಬಸಪ್ಪನೂ ಕೆಟ್ಟವನೆಂದು ಊರಲ್ಲಿ ಯಾರೂ ಹೇಳುವುದಿಲ್ಲ. ಹೀಗೆ ಕೆಟ್ಟವರಲ್ಲದ ಜನರೇ ಒಂದೊಂದು ಬಾಗಿಲನ್ನೂ ಸದ್ದಿಲ್ಲದೆ ಎಳೆದುಕೊಳ್ಳುತ್ತ ಬಂದಿದ್ದರು. ಈಗ ತೆರೆದಿದ್ದುದು ಈ ಫೋನಿನ ತಂತಿಯೊಂದೇ. ಅದಕ್ಕೇ ಅವಳು ಸುಳ್ಳಾಡಿದ್ದಳು.

"ಅವರ ಸಹಿ ಬೇಕಾ?... ಮನಿಯವರ ಒಪ್ಪಿಗಿ ಬರವಣಿಗ್ಯಾಗ?... ಇಲ್ರಿ... ಅದು ಆಗಂಗಿಲ್ರಿ ಸರ... ಹೂಂ... ನಿಮ್ಗ ತಿಳೀತಲ್ರಿ..."

ಹಾಲಸಿದ್ದಪ್ಪ ಮತ್ತೆ ಮುದ್ರೆ ಒತ್ತತೊಡಗಿದ. ದಾಕ್ಷಾಯಣಮ್ಮ ಗೋಡೆಯ ಕಡೆಗೆ ತಿರುಗಿ ನಿಂತಳು.

"ಇವತ್ತ?... ಇವತ್ತಿನ ಬಸ್ಸಿಗೇನ?... ಆರ್ಡರ್ ಆಗಿಬಿಟ್ಟೈತಾ... ಸಿರುಗುಪ್ಪದ ವಾಚನಾಲಯಕ್ಕ... ಅಲ್ಲೂ ಬೇಸಿಗಿ ಓದು ಸುರು ಮಾಡ್ಯಾರಾ? ನಮ್ಮದನ್ನ ನೋಡಿ?... ಛಲೋ ಆತ್ರಿ. ಮಕ್ಕಳು ಬಾಳ ಬರ್ತಾರಾ... ಛಲೋ..."

"ಒಂದು ಮಾತು ಕೇಳ್ತೀನಿ ಸರ, ಸಿಟ್ಟಾಗಬ್ಯಾಡ್ರಿ. ಅಲ್ಲಿ ಕೇರಿ ಹುಡುಗ್ರು ಒಳಗ ಕುಂದ್ರತಾವೇನ್ರಿ?... ವಿಚಾರ ಮಾಡಿಲ್ಲ?... ಬಂದ್ರ ನೋಡ್ತೀರಿ... ಹಾಂ... ಬಂದಿಲ್ಲ ಅಂದ್ರ, ಬರಂಗಿಲ್ಲ ಅಂತ ಅರ್ಥ ಅಲ್ಲೇನ್ರಿ..."

ನಡುವೆ ಆಪರೇಟರ್ ಹೆಂಗಸಿನ ದನಿ ಬಂತು, ವೇಳೆ ಮುಗಿಯಿತು ಎಂದು. ದಾಕ್ಷಾಯಣಮ್ಮ ಇನ್ನಷ್ಟು ಹೊತ್ತು ಕಾಲ್ ಮುಂದುವರಿಸಲು ಬೇಡಿಕೊಂಡಳು. ಯಾಕೆ ಬೇಡುತ್ತಿದ್ದೇನೆ ಎಂದು ಅವಳಿಗೇ ತಿಳಿಯಲಿಲ್ಲ. ಆರ್ಡರ್ ಸಿಗುವುದಿಲ್ಲ. ಪೆಟ್ಟಿಗೆ ಬರುವುದಿಲ್ಲ. ಬಳ್ಳಾರಿಯ ಬಸ್ ನಿಲ್ದಾಣದಲ್ಲಿ ಯಾರೋ ಅದನ್ನು ಈಗಾಗಲೇ ಬಸ್ಸಿನ ಮೇಲೆ ಏರಿಸಿರಬಹುದು. ನಾಳೆ ಸಿರುಗುಪ್ಪದ ಮಕ್ಕಳು ಅದನ್ನು ತೆರೆದು ಮೂಸಿ ನೋಡುತ್ತಾರೆ, ಅದರಲ್ಲಿ ಅವರದೇನೂ ತಪ್ಪಿಲ್ಲ. ಸಿರುಗುಪ್ಪ ಎಂದಾಗ ಅವಳಿಗೆ ಮತ್ತೊಂದು ನೆನಪಾಯಿತು. ಸಿರಿಗೇರಿ ಅದೇ ತಾಲ್ಲೂಕಿನ ಊರು. ಬಸ್ ಇದೆ. ಆದರೆ ಕಣದಲ್ಲಿ ಭತ್ತ ಕೇರುವ ಹುಡುಗಿಯನ್ನು ಪುಸ್ತಕ ಓದಲೆಂದು ಯಾರು ಬಸ್ಸು ಹತ್ತಿಸುತ್ತಾರೆ? ಹತ್ತಿಸಿದರೂ ಅಲ್ಲಿಯ ಹೊಸ್ತಿಲ ಬಳಿ ಯಾರು ಒಳಗೆ ಕರೆಯುತ್ತಾರೆ? ಆಗದ ಮಾತು ಎಂದು ಗೊತ್ತಿದ್ದೂ ಕೇಳಿದಳು. ಕೇಳಲು ಬೇರೆ ಏನೂ ಉಳಿದಿರಲಿಲ್ಲ.

"ಸರ, ಇಡಬ್ಯಾಡ್ರಿ, ಇಡಬ್ಯಾಡ್ರಿ... ಆತು, ಪುಸ್ತಕ ಅಲ್ಲೇ ಹೋಗ್ಲಿ. ನಾ ಏನೂ ಕೇಳಂಗಿಲ್ಲ. ಸಿರುಗುಪ್ಪದಾಗ ವಾಚನಾಲಯ ನೋಡ್ಕೊಳ್ಳೋರಿಗಿ ಒಂದು ಮಾತು ತಿಳಿಸ್ರಿ. ಒಬ್ಬಾಕಿ ಹುಡುಗಿ ಬಂದ್ರ ಒಳಗ ಕರೀಬೇಕು. ಬರಂಗಿಲ್ಲ, ನನಗ ಗೊತ್ತೈತಿ. ಒಂದು ವ್ಯಾಳೆ ಬಂದ್ರ... ಹಡಗಿನ ಕಥಿ ಪುಸ್ತಕ ಅದರಾಗ ಐತಿ, ನೀಲಿ ರಟ್ಟಿಂದು, ಅದನ್ನ ಕೊಡಬೇಕು. ಅರ್ಧ ಓದ್ಯಾಳ..."

"ಹೆಸರು ಬರ್ಕೊಳ್ರಿ... ಪೆನ್ನು ತಗೊಳ್ರಿ, ನಾ ನಿಂದ್ರತೀನಿ... ತಗೊಂಡ್ರೇನ್ರಿ? ಮಾರೆಮ್ಮ... ಹಾಂ, ಮಾರೆಮ್ಮ. ಅಪ್ಪನ ಹೆಸರು ಹುಲುಗಪ್ಪ... ಊರಾ?..."

ಕುರುಗೋಡು ಎನ್ನಹೊರಟವಳು ಆ ಮಾತು ಬಿಟ್ಟಳು.

"ಊರು ಸಿರಿಗೇರಿ ಅಂತ ಬರೀರಿ. ಕುರುಗೋಡು ಅಂತ ಬರೀಬ್ಯಾಡ್ರಿ... ಬರ್ಕೊಂಡ್ರಾ?... ಹಲೋ... ಸರ, ಬರ್ಕೊಂಡ್ರೇನ್ರಿ?... ಹಲೋ..."

"ಕಟ್ಟಾತ್ರಿ ಟೀಚರಮ್ಮ," ಎಂದು ಹಾಲಸಿದ್ದಪ್ಪ ಅವಳ ಕೈಯಿಂದ ರಿಸೀವರ್ ತೆಗೆದುಕೊಂಡ.