ಬಿಳಿ ಗೊರಟೆಯ ಮರ

ಲಡಾಖಿನ ಖಲ್ತ್ಸೆಯ ಬಸ್ ನಿಲ್ದಾಣದಲ್ಲಿ ಒಂದೊಂದು ಏಪ್ರಿಕಾಟ್ ಬುಟ್ಟಿ ಇಟ್ಟುಕೊಂಡು ಇಬ್ಬರು ಹೆಂಗಸರು ನನ್ನ ಪಕ್ಕ ಕೂತಿದ್ದರು. ಹಿರಿಯಳು ಕಿರಿಯಳ ಬುಟ್ಟಿಯ ಹಣ್ಣೊಂದನ್ನು ತಿಂದು, ಗೊರಟೆಯನ್ನು ಅಂಗೈಗೆ ಉಗುಳಿ ನೋಡಿದಳು.

“ಯಂಗ್ಡೋಲ್, ಬಿಳಿ ಗೊರಟೆ! ಊರಲ್ಲಿ ಈ ಜಾತಿ ಮರ ಇರೋದು ನಮ್ಮನೇಲಿ ಮಾತ್ರ.”

“ಈಗ ನಮ್ಮನೇಲೂ ಇದೆ, ರಿಗ್ಝಿನಕ್ಕ.”

“ಕಸಿಗೆ ಕಡ್ಡಿ ಕದ್ದೆಯಾ?”

“ನಿಮ್ಮತ್ತೆ ಸಾಯೋ ಮುಂಚೆ ಅವರೇ ಕೊಟ್ಟರು.”

“ಸುಳ್ಳು! ಅವರಿಗೆ ನಿನ್ನ ಕಂಡರೆ ಆಗ್ತಿರಲಿಲ್ಲ.”

“ನಿಮ್ಮನ್ನ ಕಂಡರಂತೂ ಮೊದಲೇ ಆಗ್ತಿರಲಿಲ್ಲ. ‘ನನ್ನ ಸೊಸೆ ನೀರು ಹಾಕದೆ ಮರ ಒಣಗಿಸ್ತಾಳೆ, ನೀನಾದರೂ ಈ ಜಾತಿ ಉಳಿಸು’ ಅಂದ್ರು.”

“ಅರ್ಧ ಮಾತ್ರ ಒಣಗಿದೆ!”

ಕಿರಿಯಳು ನಗು ತಡೆದುಕೊಂಡಳು. ಹಿರಿಯಳು ದನಿ ತಗ್ಗಿಸಿದಳು.

“ಉಳಿದರ್ಧವೂ ಉಳಿಯೋ ಹಾಗಿಲ್ಲ. ಚಳಿ ಕಳೆದ ಮೇಲೆ ನಂಗೂ ಒಂದು ಕಡ್ಡಿ ಕೊಡೇ.”

“ಕೊಡ್ತೀನಿ. ಆದ್ರೆ ದಿನಾ ಬಂದು ನೋಡ್ತೀನಿ.”

“ಥೂ, ಅತ್ತೆ ಹೋದ್ರೂ ಕಾಟ ತಪ್ಪಲಿಲ್ಲ!”

ಲೇಹ್ ಬಸ್ಸು ಬಂತು. ಹಿರಿಯಳು ಎರಡೂ ಬುಟ್ಟಿ ಎತ್ತಿಕೊಂಡು ಹತ್ತಿದಳು.